ಸಂಘ ನಡೆಸುವವರು ಚಹಾದ ಹೊತ್ತಿಗೆ ಕೇಳುವ ಪ್ರಶ್ನೆಗಳು

ಶಿರಸಿ ಸೀಮೆಯ ಒಂದು ಸೇವಾ ಸಹಕಾರಿ ಸಂಘದಲ್ಲಿ ಇಪ್ಪತ್ತೆಂಟು ವರ್ಷ ಕಾರ್ಯದರ್ಶಿಯಾಗಿದ್ದವ ನಾನು. ನಿವೃತ್ತಿಯಾದ ಮೇಲೆ ಹೊಸ ನಿರ್ದೇಶಕರು, ಸ್ತ್ರೀಶಕ್ತಿ ಗುಂಪಿನವರು, ಯುವಕ ಮಂಡಳಿಯವರು ‘ಮಾನವೀಯ ನಾಯಕತ್ವ’, ಕಲಿಕೆ ಎಂಬ ವಿಷಯಗಳ ಮೇಲೆ ಆಗಾಗ ಮಾತಿಗೆ ಕರೆಯುತ್ತಾರೆ. ನಾನು ಹೇಳಬೇಕೆಂದು ಬರೆದುಕೊಂಡು ಹೋದದ್ದಕ್ಕಿಂತ ಅವರು ಚಹಾದ ಲೋಟ ಹಿಡಿದು ಪಕ್ಕಕ್ಕೆ ಕರೆದು ಕೇಳುವುದರಲ್ಲೇ ಹೆಚ್ಚು ಹುರುಳಿರುತ್ತದೆ. ಕೆಲವರು ಮನೆಗೆ ಹೋಗಿ ಕಾಗದ ಬರೆದೂ ಕೇಳುತ್ತಾರೆ. ಮತ್ತೆ ಮತ್ತೆ ಬಂದವನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತಲೆ ಕೆರೆದುಕೊಳ್ಳುವಂಥವು.

## ಮೊದಮೊದಲ ಪ್ರಶ್ನೆಗಳು

ಸಂಘಕ್ಕೆ ಬೇಕಾದ್ದು ಲೆಕ್ಕ ಬಲ್ಲವರು. ಈ ‘ಮಾನವೀಯ ನಾಯಕತ್ವ’ ಅಂದ್ರೆ ಎಂಥದು ಮಾರಾಯ್ರೆ?

ಲೆಕ್ಕ ಬೇಕೇ ಬೇಕು. ಆದರೆ ಲೆಕ್ಕ ತಪ್ಪಿದೆ ಎಂದು ನಿಮಗೆ ಯಾರು ಬಂದು ಹೇಳುತ್ತಾರೆ? ಅಧ್ಯಕ್ಷರ ಮುಖ ನೋಡಿ ‘ನೀವು ಹೇಳಿದ್ದು ಸರಿ ಇಲ್ಲ’ ಎನ್ನಲು ಸಂಘದ ಜವಾನನಿಗೆ ಧೈರ್ಯ ಬರುತ್ತದೆಯೇ, ಹೇಳಿದ ಮಾರನೇ ದಿನ ಅವನ ಕೆಲಸ ಹಾಗೇ ಇರುತ್ತದೆಯೇ? ನಾನು ಸಂಘಗಳನ್ನು ಅಳೆಯುವುದು ಇದೊಂದೇ ಕೋಲಿನಿಂದ. ದೊಡ್ಡ ಹೆಸರು ಬೇಡವೆಂದರೆ ಬಿಡಿ. ಕೆಳಗಿನವರ ಮಾತು ಮೇಲಕ್ಕೆ ಹೋಗುವ ದಾರಿಯಲ್ಲಿ ಮುಳ್ಳು ಹಾಕದೆ ಇರುವುದು ಅಂದುಕೊಳ್ಳಿ.

ನಾನು ಯಾರಿಗೂ ಬೈಯೂದಿಲ್ಲ. ಅಷ್ಟಾದ್ರೆ ಸಾಕಲ್ವಾ?

ಸಾಲದು. ಬೈಯದ ಅಧ್ಯಕ್ಷರು ಇಡೀ ಸಂಘವನ್ನು ಮುಳುಗಿಸಿದ್ದನ್ನು ನೋಡಿದ್ದೇನೆ. ಎಲ್ಲರಿಗೂ ‘ಆಗ್ಲಿ, ನೋಡುವ’ ಎನ್ನುತ್ತಿದ್ದರು. ಯಾರಿಗೂ ಇಲ್ಲ ಎನ್ನಲಿಲ್ಲ, ಯಾವುದೂ ಆಗಲಿಲ್ಲ. ‘ನಿಮ್ಮ ಅರ್ಜಿ ಈ ವರ್ಷ ಆಗುವುದಿಲ್ಲ, ಕಾರಣ ಇದು’ ಎಂದು ಎದುರಿಗೆ ಕೂರಿಸಿ ಹೇಳುವುದೇ ಹೆಚ್ಚಿನ ಮರ್ಯಾದೆ. ಆ ಮನುಷ್ಯ ಬೇರೆ ದಾರಿಯನ್ನಾದರೂ ಹುಡುಕಿಕೊಳ್ಳುತ್ತಾನೆ.

ಅರವತ್ತು ದಾಟ್ತು. ಶಾಲೆಗೆ ಹೋದವಳಲ್ಲ. ನನ್ನಂಥವಳು ಇನ್ನು ಎಂಥ ಕಲಿಯೂದು, ಎಂಥ ಮುಂದಾಳಾಗೂದು?

ಅಕ್ಕ, ಅಂಕೋಲೆ ಹೊನ್ನಳ್ಳಿಯ ತುಳಸಿ ಗೌಡರು ನಿಮ್ಮ ಜಿಲ್ಲೆಯವರೇ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಣ್ಣವರಿದ್ದಾಗ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಗೆ ಹೋದವರು. ಯಾವ ಮರ ಯಾವಾಗ ಬೀಜ ಬಿಡುತ್ತದೆ, ಯಾವ ತಾಯಿಮರದ ಬೀಜ ಆರಿಸಬೇಕು, ಅದನ್ನು ಮೊಳೆಸುವುದು ಹೇಗೆ ಎಂಬುದನ್ನು ಕೈಯಿಂದ, ಕಣ್ಣಿಂದ ಕಲಿತರು. ಪದವಿ ಪಡೆದ ಅಧಿಕಾರಿಗಳು ಬೀಜದ ವಿಷಯಕ್ಕೆ ಅವರನ್ನು ಕೇಳುತ್ತಿದ್ದರು. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ ತಾಲೂಕಿನ, ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಡುಗಳನ್ನು ನೆನಪಿನಲ್ಲಿ ಹೊತ್ತುಕೊಂಡೇ ಸಾರಾಯಿ ವಿರುದ್ಧ ಊರ ಹೆಂಗಸರನ್ನು ಎಬ್ಬಿಸಿದವರು ಅವರು.

ಪದ್ಮಶ್ರೀ ಎಲ್ಲರಿಗೂ ಬರುವುದಿಲ್ಲ, ಆ ಮಾತು ಬಿಡಿ. ನಾನು ಹೇಳಹೊರಟದ್ದು ಬೇರೆ. ಅವರಿಬ್ಬರ ಸುತ್ತ ‘ಇವರಿಗೆ ಗೊತ್ತಿದೆ, ಕೇಳೋಣ’ ಎನ್ನುವವರು ಇದ್ದರು. ನಿಮ್ಮ ಗುಂಪಿನಲ್ಲಿ ಅಕ್ಷರ ಬಾರದವರಿಗೆ ಏನೇನು ಗೊತ್ತಿದೆ ಎಂದು ಯಾರಾದರೂ ಒಮ್ಮೆ ಕೇಳಿ ಬರೆದಿಟ್ಟಿದ್ದಾರೆಯೇ?

ಕಲಿಯೂಕೆ ಪುರುಸೊತ್ತೆಲ್ಲಿ?

ದೀಪಾವಳಿಯಿಂದ ಶಿವರಾತ್ರಿಯವರೆಗೆ ಘಟ್ಟದ ಮೇಲಿನವರನ್ನು ಯಾರನ್ನೂ ತರಬೇತಿಗೆ ಕರೆಯಬೇಡಿ; ಅಡಿಕೆಯ ಕೊನೆ ಕೊಯ್ಲು, ಸುಲಿಯುವುದು, ಒಣಗಿಸುವುದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಬಲೆ ಹೆಣೆಯುತ್ತ ಕೂತ ಆ ದಿನಗಳೇ ಮಾತಿಗೆ ಒಳ್ಳೆಯವು. ತರಬೇತಿಯ ದಿನಾಂಕವನ್ನು ಬೆಂಗಳೂರಿನಲ್ಲಿ ಕೂತವರು ಗೊತ್ತು ಮಾಡಿದರೆ ಕುರ್ಚಿಗಳಷ್ಟೇ ಕಲಿಯುತ್ತವೆ.

## ಸಭೆ, ಕಚೇರಿ, ವಸೂಲಿ

ಸಭೆಲಿ ಯಾರೂ ಬಾಯಿ ಬಿಡ್ತ್ವಿಲ್ಲೆ. ಹೊರಗೆ ಬಂದ್ಮೇಲೆ ಮಾತೇ ಮಾತು. ಎಂತ ಮಾಡವು?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದ.

ನಿಮ್ಮ ಸಭೆ ಹೇಗೆ ಶುರುವಾಗುತ್ತದೆ, ನೆನಪು ಮಾಡಿಕೊಳ್ಳಿ. ಅಧ್ಯಕ್ಷರು ವಿಷಯ ಓದುತ್ತಾರೆ. ‘ನನ್ನ ಅಭಿಪ್ರಾಯ ಹೀಗೆ, ನೀವೆಲ್ಲ ಏನಂತೀರಿ?’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ದೊಡ್ಡವರು ಹೇಳಿಯಾದ ಮೇಲೆ ಎದುರು ಮಾತಾಡಿದರೆ ಅದು ವಿಷಯದ ಮೇಲಿನ ಮಾತಾಗಿ ಉಳಿಯುವುದಿಲ್ಲ, ಮನುಷ್ಯನ ಮೇಲಿನ ಮಾತಾಗುತ್ತದೆ. ಠರಾವು ಸರ್ವಾನುಮತದಿಂದ ಪಾಸಾಗುತ್ತದೆ, ಕವಳದ (ಎಲೆ-ಅಡಿಕೆಯ) ತಟ್ಟೆ ಸುತ್ತಿ ಬರುತ್ತದೆ, ನಿಜವಾದ ಸಭೆ ಅಂಗಳದಲ್ಲಿ ಬೈಕುಗಳ ಪಕ್ಕ ನಡೆಯುತ್ತದೆ.

ಮಾಡಿ ನೋಡಬಹುದಾದ್ದು ಮೂರು. ಅಧ್ಯಕ್ಷರು ಕೊನೆಗೆ ಮಾತಾಡಲಿ, ಎಲ್ಲರಿಗಿಂತ ಕಿರಿಯರು ಮೊದಲು. ಎರಡನೆಯದು, ವಿಷಯಪಟ್ಟಿಯನ್ನು ಎರಡು ದಿನ ಮೊದಲೇ ಕೊಡಿ. ಸಭೆಯಲ್ಲೇ ಮೊದಲ ಸಲ ಅಢಾವೆ ಪತ್ರಿಕೆ ನೋಡಿದವನಿಗೆ ಪ್ರಶ್ನೆ ಹುಟ್ಟುವುದು ಮನೆಗೆ ಹೋದ ಮೇಲೆ. ಮೂರನೆಯದು ಸ್ವಲ್ಪ ಕಷ್ಟದ್ದು. ಮೊದಲ ಸಲ ಯಾರಾದರೂ ವಿರೋಧ ಹೇಳಿದಾಗ ಇಡೀ ಸಭೆ ಅಧ್ಯಕ್ಷರ ಮುಖ ನೋಡುತ್ತದೆ, ಹೇಳಿದವನ ಮುಖವನ್ನಲ್ಲ. ಆ ಅರೆಗಳಿಗೆಯಲ್ಲಿ ಹುಬ್ಬು ಗಂಟಾದರೆ ಮುಂದಿನ ಐದು ವರ್ಷದ ಅವಧಿಗೆ ಬೀಗ ಬಿತ್ತು ಎಂದೇ ತಿಳಿಯಿರಿ. ‘ಇದನ್ನು ಬರೆದುಕೊಳ್ಳಿ’ ಎಂದು ಕಾರ್ಯದರ್ಶಿಗೆ ಹೇಳಿದರೆ ಸಾಕು. ನಡಾವಳಿ ಪುಸ್ತಕದಲ್ಲಿ ತನ್ನ ವಿರೋಧ ದಾಖಲಾದದ್ದನ್ನು ಕಂಡವ ಮುಂದಿನ ಸಭೆಗೆ ಅರ್ಧ ಗಂಟೆ ಮೊದಲೇ ಬರುತ್ತಾನೆ. ಬಂದು ತಲೆ ತಿನ್ನುತ್ತಾನೆ ಎಂಬುದೂ ನಿಜ.

ಸಿಬ್ಬಂದಿ ತಪ್ಪು ಮಾಡಿದ್ರೆ ಸುಮ್ನೆ ಬಿಡ್ಬೇಕು ಅಂತೀರಾ?

ಬಿಡಬೇಡಿ. ಆದರೆ ನನ್ನ ಕತೆ ಕೇಳಿ.

ಒಮ್ಮೆ ನಮ್ಮ ಗುಮಾಸ್ತ ಒಬ್ಬ ಸದಸ್ಯರ ಖಾತೆಗೆ ಇನ್ನೊಬ್ಬರ ಹಣ ಜಮಾ ಮಾಡಿದ. ಕೌಂಟರಿನ ಎದುರು ಹತ್ತು ಜನ ನಿಂತಿದ್ದಾಗಲೇ ನಾನು ಅವನನ್ನು ಹಿಗ್ಗಾಮುಗ್ಗಾ ಬೈದೆ. ಶಿಸ್ತು ಕಲಿಸಿದೆ ಎಂಬ ಹೆಮ್ಮೆ ಬೇರೆ. ಆ ವರ್ಷದ ಹಂಗಾಮಿನಲ್ಲಿ ನಮ್ಮ ತೂಕದ ಯಂತ್ರ ಚೀಲಕ್ಕೆ ಸುಮಾರು ಮುನ್ನೂರು ಗ್ರಾಂ ಕಡಿಮೆ ತೋರಿಸುತ್ತಿತ್ತು. ಗೊತ್ತಾದದ್ದು ಹಂಗಾಮು ಮುಗಿದ ಮೇಲೆ. ಸದಸ್ಯರ ಅಡಿಕೆ, ಸದಸ್ಯರ ನಷ್ಟ. ಹಮಾಲಿ ಒಬ್ಬರಿಗೆ ಮೊದಲ ವಾರವೇ ಅನುಮಾನ ಬಂದಿತ್ತಂತೆ. ದಿನವೂ ಚೀಲ ಹೊತ್ತ ಬೆನ್ನಿಗೆ ತೂಕ ತಿಳಿಯದೆ ಇರುತ್ತದೆಯೇ? ‘ಯಾಕೆ ಹೇಳಲಿಲ್ಲ?’ ಎಂದೆ. ‘ಅವತ್ತು ನೀವು ಬೈಯುವಾಗ ನಾನು ಅಲ್ಲೇ ಇದ್ದೆ’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ವ್ಯತ್ಯಾಸದ ಹಣವನ್ನು ಲೆಕ್ಕ ಹಾಕಿ ಹಿಂತಿರುಗಿಸಲು ಮೂರು ತಿಂಗಳು ಬೇಕಾಯಿತು. ಬೈದದ್ದನ್ನು ಹಿಂತಿರುಗಿಸಲು ಇನ್ನೂ ಹೆಚ್ಚು.

1990ರ ದಶಕದಲ್ಲಿ ಅಮೆರಿಕದ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿಯ ತಪ್ಪು ಕಡಿಮೆ ಇರಬೇಕು ಎಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಕೆದಕಿದಾಗ ತಿಳಿದದ್ದು, ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ನಮ್ಮ ಹಮಾಲಿಯವರು ಹೇಳಿದ್ದೂ ಅದನ್ನೇ.

ಹಾಗಾದರೆ ಶಿಕ್ಷೆ? ಕೈತಪ್ಪಿಗೆ ಬೇಡ, ಮುಚ್ಚಿಟ್ಟದ್ದಕ್ಕೆ ಬೇಕು. ಹಣ ಹೊಡೆದವನಿಗೆ ಕಾನೂನಿದೆ, ಅಲ್ಲಿ ದಾಕ್ಷಿಣ್ಯ ತೋರಿಸುವುದು ಸದಸ್ಯರಿಗೆ ಮಾಡುವ ದ್ರೋಹ.

ತರಬೇತಿಗೆ ಕಳಿಸ್ತೇವೆ, ಚೀಲ ಪೆನ್ನು ತಗೊಂಡು ಬರ್ತಾರೆ. ಸಂಘ ಮಾತ್ರ ಹಾಗೇ ಇರ್ತದೆ.

ಸಹಕಾರಿ ಚಳವಳಿಗೆ ಕಲಿಕೆ ಹೊರಗಿನಿಂದ ಅಂಟಿಸಿದ್ದಲ್ಲ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ನೇಕಾರರೇ ಮೊದಲಾದವರು ಸೇರಿ ಅಂಗಡಿ ತೆರೆದರು. ಕೆಲವೇ ವರ್ಷಗಳಲ್ಲಿ ಅದರ ಮಹಡಿಯ ಮೇಲೆ ಓದುವ ಕೋಣೆ ಮಾಡಿದರು, ಲಾಭದಲ್ಲಿ ಒಂದು ಪಾಲನ್ನು ಕಲಿಕೆಗೆ ತೆಗೆದಿಟ್ಟರು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿದ ಏಳು ತತ್ತ್ವಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ. ನಮ್ಮಲ್ಲೂ ಲಾಭದ ಒಂದು ಪಾಲು ಸಹಕಾರ ಶಿಕ್ಷಣ ನಿಧಿಗೆ ಹೋಗುತ್ತದೆ. ಹಣ ಹೋಗುತ್ತದೆ, ಕಲಿಕೆ ಬರುವುದಿಲ್ಲ ಎಂಬುದೇ ನಿಮ್ಮ ದೂರು.

ಯಕ್ಷಗಾನದ ಮೇಳವನ್ನು ನೋಡಿ. ಹುಡುಗ ಮೊದಲು ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣ ಸ್ತ್ರೀವೇಷ. ಆಟ ಶುರುವಾಗುವ ಹೊತ್ತಿಗೆ ಜನ ಇನ್ನೂ ಕಂಬಳಿ ಹಾಸಿಕೊಳ್ಳುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ಯಾರಿಗೂ ಕಾಣಿಸುವುದಿಲ್ಲ. ಆದರೆ ರಂಗಸ್ಥಳ ನಿಜ, ಚಂಡೆ ನಿಜ, ದೀಪ ನಿಜ. ತನ್ನ ಪಾಲು ಮುಗಿಸಿ ಚೌಕಿಯ (ಬಣ್ಣದ ಮನೆಯ) ಸಂದಿಯಲ್ಲಿ ಕೂತು ಬೆಳಗಿನವರೆಗೆ ದೊಡ್ಡವರ ಮಾತುಗಾರಿಕೆ ನೋಡುತ್ತಾನೆ. ಇನ್ನೊಂದು ಗಮ್ಮತ್ತಿನ ವಿಷಯ: ಮೇಳದ ಅತಿ ದೊಡ್ಡ ಪಾತ್ರಧಾರಿಯನ್ನು ‘ಎರಡನೇ ವೇಷ’ ಎಂದೇ ಕರೆಯುವ ರೂಢಿ. ಒಂದನೇ ವೇಷ ಪದ್ಯ ಹಾಡುವ ಭಾಗವತ, ಕಿರೀಟವಿಲ್ಲದವ! ಇಡೀ ಆಟ ನಡೆಯುವುದು ಅವನ ಜಾಗಟೆಯ ಮೇಲೆ. ಹೊಸಬ ಮಾತಿನಲ್ಲಿ ಸಿಕ್ಕಿಬಿದ್ದರೆ ಪದ್ಯ ಎತ್ತಿ ಪಾರುಮಾಡುತ್ತಾನೆ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ತಲೆಮಾರು ದಾಟಿ ನಡೆದುಬಂದದ್ದು ಹೀಗೆ. ಮಗ ಶಂಭು ಹೆಗಡೆಯವರು ಅಲ್ಲೇ ಶ್ರೀಮಯ ಎಂಬ ಕಲಿಕಾ ಕೇಂದ್ರವನ್ನೂ ತೆರೆದರು.

ನಿಮ್ಮ ಸಂಘದಲ್ಲಿ ಹೊಸ ನಿರ್ದೇಶಕನ ‘ಕೋಡಂಗಿ ವೇಷ’ ಯಾವುದು? ಗೊಬ್ಬರದ ದಾಸ್ತಾನು ಎಣಿಸುವುದು, ಒಂದು ತಿಂಗಳ ಜಮಾ-ಖರ್ಚು ಓದಿ ಸಭೆಗೆ ವಿವರಿಸುವುದು, ಹೀಗೆ ಏನಾದರೂ ಒಂದು ನಿಜವಾದ ಸಣ್ಣ ಕೆಲಸ ಕೊಡಿ. ತರಬೇತಿಯಿಂದ ಬಂದವರು ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಉಳಿದವರಿಗೆ ಪಾಠ ಹೇಳಬೇಕು ಎಂದು ಠರಾವು ಮಾಡಿ. ಚೀಲ ಪೆನ್ನಿಗಾಗಿ ಹೋಗುವವರ ಸಂಖ್ಯೆ ತಂತಾನೇ ಇಳಿಯುತ್ತದೆ.

ಮನುಷ್ಯತ್ವ ತೋರಿಸ್ತಾ ಕೂತ್ರೆ ಸಾಲ ವಸೂಲಿ ಆಗ್ತದಾ?

ಆಗುತ್ತದೆ, ಬೇಗ ಶುರುಮಾಡಿದರೆ. ನಮ್ಮ ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ತುಂಬಿದವರಿಗೆ ಮಾತ್ರ. ಗಡುವು ತಪ್ಪಿ ಸುಸ್ತಿ ಬಾಕಿಯಾದ ಮೇಲೆ ನೋಟಿಸು ಕಳಿಸಿ, ಜಾಮೀನುದಾರರ ಮನೆಗೆ ಹೋಗಿ, ಊರೆಲ್ಲ ಸುದ್ದಿಯಾದ ಮೇಲೆ ತೋರಿಸುವ ಕರುಣೆಗೆ ಬೆಲೆಯಿಲ್ಲ. ಗಡುವಿಗೆ ಒಂದೂವರೆ ತಿಂಗಳು ಮೊದಲು ಫೋನು ಮಾಡಿ, ‘ಚಾಲಿ ಅಡಿಕೆ ಇನ್ನೂ ಮಾರಲಿಲ್ಲವಾ? ಯಾವಾಗ ಮಾರುವ ಅಂದಾಜು?’ ಎಂದು ಕೇಳಿ. ಇಂಗ್ಲಿಷಿನಲ್ಲಿ ಬರುವ ಮೆಸೇಜನ್ನು ನಂಬಿ ಕೂರಬೇಡಿ. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದಿದೆಯೋ, ಕೊಳೆರೋಗಕ್ಕೆ ತೋಟ ಹೋಗಿದೆಯೋ ಆಗಲೇ ತಿಳಿಯುತ್ತದೆ. ಕೊಡಲಾಗದವನಿಗೂ ಕೊಡಲು ಮನಸ್ಸಿಲ್ಲದವನಿಗೂ ಇರುವ ವ್ಯತ್ಯಾಸ ಆ ಒಂದು ಫೋನಿನಲ್ಲಿ ಗೊತ್ತಾಗುತ್ತದೆ. ಎರಡನೆಯವನಿಗೆ ನೋಟಿಸು ಕಳಿಸಲು ಆಮೇಲೆ ಕೈ ನಡುಗುವುದಿಲ್ಲ.

ಪಂಚಾಯ್ತಿ ಸದಸ್ಯೆ ನಾನು. ಮಾತಾಡೂದು ಮಾತ್ರ ನಮ್ಮನೆಯವ್ರು. ಹೇಗೆ ತಪ್ಪಿಸೂದು?

ಮನೆಯಲ್ಲಿ ಜಗಳ ಮಾಡಿ ಎಂದು ನಾನು ಹೇಳಲಾರೆ, ನಾಳೆ ಅನುಭವಿಸುವವರು ನೀವು. ಒಂದು ಕಾಗದ ಹಿಡಿದುಕೊಳ್ಳಿ, ಕ್ರಿಯಾ ಯೋಜನೆ. ಅದರ ಪ್ರತಿ ಕೇಳುವುದು ಸದಸ್ಯರ ಹಕ್ಕು. ನಿಮ್ಮ ವಾರ್ಡಿನ ಕಾಮಗಾರಿ, ಮೊತ್ತ, ಎಷ್ಟು ಮುಗಿದಿದೆ, ಇಷ್ಟನ್ನೇ ಬಾಯಿಪಾಠ ಮಾಡಿ. ಊರಿನ ಅರಿವು ಕೇಂದ್ರದಲ್ಲಿ (ಪಂಚಾಯ್ತಿ ಗ್ರಂಥಾಲಯದಲ್ಲಿ) ಓದಿ ಹೇಳುವ ಹುಡುಗಿ ಯಾರಾದರೂ ಸಿಗುತ್ತಾಳೆ. ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ, ಆದರೆ ಅಂಕಿಯ ಸಮೇತ. ಮೊತ್ತ ಗೊತ್ತಿರುವವರ ಬದಲಿಗೆ ಗೊತ್ತಿಲ್ಲದವರು ಮಾತಾಡುವುದು ಬಹಳ ದಿನ ನಡೆಯುವುದಿಲ್ಲ.

## ಕಗ್ಗಂಟುಗಳು

ನಮ್ಮ ಮಹಿಳಾ ಸಂಘಕ್ಕೆ ಹತ್ತು ವರ್ಷದಿಂದ ಅವರೇ ಅಧ್ಯಕ್ಷೆ. ಒಳ್ಳೆಯವ್ರು. ಬೇಜಾರಾಗದ ಹಾಗೆ ಬದಲಿಸೂದು ಹೇಗೆ?

ಒಳ್ಳೆಯವರನ್ನು ಇಳಿಸುವುದೇ ಕಷ್ಟ, ಕೆಟ್ಟವರನ್ನು ಚುನಾವಣೆ ನೋಡಿಕೊಳ್ಳುತ್ತದೆ. ಹುದ್ದೆಗೆ ಕೈ ಹಾಕಬೇಡಿ, ಮೊದಲು ಕೆಲಸ ಹಂಚಿ. ಬ್ಯಾಂಕಿಗೆ ಹೋಗುವವರು ಈ ತಿಂಗಳು ಒಬ್ಬರು, ಮುಂದಿನ ತಿಂಗಳು ಇನ್ನೊಬ್ಬರು. ನಡಾವಳಿ ಬರೆಯುವ ಪುಸ್ತಕ ಮನೆಯಿಂದ ಮನೆಗೆ ತಿರುಗಲಿ. ವರ್ಷ ಕಳೆಯುವಷ್ಟರಲ್ಲಿ ಬ್ಯಾಂಕಿನ ಮ್ಯಾನೇಜರಿಗೆ ನಿಮ್ಮಲ್ಲಿ ಹತ್ತು ಜನರ ಮುಖಪರಿಚಯವಾಗಿರುತ್ತದೆ. ‘ನಾನಿಲ್ಲದಿದ್ದರೆ ನಡೆಯೂದಿಲ್ಲ’ ಎಂಬ ಭಯ ಅವರಿಗೂ ಇರುತ್ತದೆ. ಎಷ್ಟೋ ಸಲ ಅಧಿಕಾರದ ಆಸೆಗಿಂತ ಆ ಭಯವೇ ಕುರ್ಚಿ ಬಿಡಿಸುವುದಿಲ್ಲ.

ಅಪ್ಪಿಕೋ ತರದ್ದು ಈಗ ಯಾಕೆ ಆಗೂದಿಲ್ಲ? ಅಂಥ ನಾಯಕರು ಇಲ್ಲಾ ಅಂತಲಾ?

ನಾಯಕರ ಹೆಸರು ನೆನಪಿರುತ್ತದೆ, ಅದಕ್ಕೆ ಮೊದಲಿನ ಜಗಲಿಯ ಮಾತು ನೆನಪಿರುವುದಿಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಹೆಂಗಸರು, ಯುವಕರು ಕಾಡಿಗೆ ನಡೆದು, ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿಕೊಂಡರು. 38 ದಿನ ಬಿಡಲಿಲ್ಲ. ಪಾಂಡುರಂಗ ಹೆಗಡೆಯವರ ಹೆಸರು ಎಲ್ಲರಿಗೂ ಗೊತ್ತು, ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರು ಬಂದು ಮಾತಾಡಿದ್ದೂ ಗೊತ್ತು. ಆದರೆ ಹಳ್ಳಿಯ ಯುವಕ ಮಂಡಳಿ ಅದಕ್ಕೆ ಮೊದಲೇ ಸೇರಿ ಕೂತು ಇಲಾಖೆಗೆ ಕಾಗದ ಬರೆದಿತ್ತು. ಬೇಡ್ತಿ ಜಲವಿದ್ಯುತ್ ಯೋಜನೆಯ ಪ್ರಶ್ನೆ ಬಂದಾಗಲೂ ಹಾಗೆಯೇ. 1923ರಲ್ಲಿ ಅಡಿಕೆ ಮಾರಲೆಂದು ಹುಟ್ಟಿದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ವಿಜ್ಞಾನಿಗಳನ್ನೂ ಬೆಳೆಗಾರರನ್ನೂ ಒಂದೇ ಚಾವಣಿಯಡಿ ಕೂರಿಸಿತು. ಮುಳುಗುವ ತೋಟ, ಕಾಡುಗಳ ಲೆಕ್ಕವನ್ನು ಬೆಳೆಗಾರರು ತಾವೇ ಕಲಿತರು.

ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ಆ ಊರಿನ ಕಡೆಯವರೇ ಆದ ದಿನಕರ ದೇಸಾಯಿಯವರು ಮುಂದೆ ಗೇಣಿ ರೈತರನ್ನು ಸಂಘಟಿಸಿದರು. ಅದಾದ ಮೇಲೆ ಅವರು ಮಾಡಿದ್ದೇನು? 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದರು. ಗೇಣಿದಾರನ ಮಗ ಕಾಗದ ಓದಲು ಕಲಿಯದಿದ್ದರೆ ಗೆದ್ದ ಭೂಮಿ ಕೈಯಲ್ಲಿ ಉಳಿಯುವುದು ಕಷ್ಟ.

ನಿಮ್ಮ ಊರಿನ ಯುವಕ ಮಂಡಳಿ ಈಗ ಕ್ರಿಕೆಟ್ ಟೂರ್ನಮೆಂಟಿಗೆ ಮಾತ್ರ ಸೇರುತ್ತದೆಯಾದರೆ, ಬೇಡ ಎನ್ನುವುದಿಲ್ಲ. ಸೇರುವುದನ್ನಾದರೂ ಬಿಟ್ಟಿಲ್ಲವಲ್ಲ.

ಎಲ್ಲರಿಗೂ ಪಾಲು ಅಂದ್ರೆ ಚಂದ. ಹೊಸ ಯಂತ್ರ ಬಂದ್ರೆ ಆ ಪಾಲು ಉಳೀತದಾ?

ಕಾರವಾರದಿಂದ ಬಂದ ಪ್ರಶ್ನೆ ಇದು, ಕೇಳಿದವರ ಅಜ್ಜ ರಂಪಣಿ ಎಳೆದವರು. ದಡದಿಂದ ಎಳೆಯುವ ದೊಡ್ಡ ಬಲೆ ರಂಪಣಿ. ಹತ್ತಾರು ಜನ ಎರಡೂ ಹಗ್ಗ ಹಿಡಿದು ಎಳೆಯಬೇಕು, ಬಂಗಡೆ ಬಂದರೆ ಬಲೆಗೆ, ದೋಣಿಗೆ, ಎಳೆದ ಕೈಗಳಿಗೆ ಪಾಲು. 1970ರ ದಶಕದ ಕೊನೆಗೆ ಸಮುದ್ರದಲ್ಲೇ ಬಲೆ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳು ಬಂದು ಮೀನು ದಡಕ್ಕೆ ಬರುವ ಮೊದಲೇ ಹಿಡಿದವು. ರಂಪಣಿಯವರು ಪ್ರತಿಭಟಿಸಿದರು, ಬಹುಪಾಲು ಸೋತರು. ಪಾಲಿನ ಲೆಕ್ಕ ಬಲೆಗೆ ಅಂಟಿಕೊಂಡಿತ್ತು, ಬಲೆ ಹೋದಾಗ ಅದೂ ಹೋಯಿತು.

ಒಳ್ಳೆಯ ಮನಸ್ಸಿನ ತಾಂಡೇಲನೊಬ್ಬ (ಮೀನುಗಾರರ ಮುಂದಾಳು) ಇದನ್ನು ತಡೆಯಬಹುದಿತ್ತು ಎಂದು ನನಗನಿಸುವುದಿಲ್ಲ. ಸಾಲ, ಸಬ್ಸಿಡಿ, ಲೈಸೆನ್ಸು ಯಾರಿಗೆ ಎಂಬುದು ಸರಕಾರದ ಮಟ್ಟದಲ್ಲಿ ತೀರ್ಮಾನವಾಗುವ ವಿಷಯ, ಮನುಷ್ಯತ್ವವನ್ನು ಅಲ್ಲಿ ಕಾಯಿದೆಯಾಗಿ ಬರೆಯಬೇಕಾಗುತ್ತದೆ. ಊರ ಮಟ್ಟದಲ್ಲಿ ಮಾಡಬಹುದಾದ್ದು ಒಂದಿದೆ. ಯಂತ್ರ ಕೊಳ್ಳುವ ಠರಾವಿನ ಜೊತೆಗೇ, ಅದರಿಂದ ಕೆಲಸ ಕಳೆದುಕೊಳ್ಳುವವರು ಯಾರು ಎಂದು ಹೆಸರು ಬರೆಯಿರಿ. ಹೆಸರು ಬರೆದ ಮೇಲೆ ‘ಆಮೇಲೆ ನೋಡುವ’ ಎನ್ನುವುದು ಅಷ್ಟು ಸುಲಭವಲ್ಲ. ನಮ್ಮಲ್ಲಿ ಅಡಿಕೆ ಸುಲಿಯುವ ಯಂತ್ರ ಬಂದಾಗ ಆ ಹೆಸರು ಬರೆಯಲಿಲ್ಲ. ಮೆಟ್ಟುಗತ್ತಿಯ ಮುಂದೆ ರಾತ್ರಿ ಕೂರುತ್ತಿದ್ದ ಹೆಂಗಸರು ಎಲ್ಲಿ ಹೋದರು ಎಂದು ಸಂಘದ ಯಾವ ಪುಸ್ತಕದಲ್ಲೂ ಇಲ್ಲ.

ಕೊನೆಗೌಡನ ಮಾತು ಸಭೆಲಿ ಕೇಳೂದು ಹೇಗೆ? ಅವ ಸದಸ್ಯನೇ ಅಲ್ಲ.

ಜಮೀನಿದ್ದವನಿಗೆ ಷೇರು, ಷೇರಿದ್ದವನಿಗೆ ಮತ. ಕೊನೆಗೌಡನಿಗೆ, ಎಂದರೆ ಅಡಿಕೆಯ ಕೊನೆ ಕೊಯ್ಯಲು ಮರ ಹತ್ತುವವನಿಗೆ, ಹೆಚ್ಚಾಗಿ ಎರಡೂ ಇಲ್ಲ. ಆದರೆ ಊರಿನ ಎಲ್ಲ ತೋಟಗಳ ತುದಿಯನ್ನು ನೋಡುವವನು ಅವನೊಬ್ಬನೇ, ತೋಟದ ಒಡೆಯ ಬುಡ ಮಾತ್ರ ನೋಡುತ್ತಾನೆ. ಮತ ಕೊಡಲಾಗದಿದ್ದರೆ ಕುರ್ಚಿ ಕೊಡಬಹುದು. ವಿಶೇಷ ಆಹ್ವಾನಿತರಾಗಿ ಕರೆಯಲು ಯಾರ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ಜಾತಿಯದ್ದು, ಕೂತು ಮಾತಾಡಿ ರೂಢಿಯಿಲ್ಲದ್ದು. ಅದನ್ನು ಮುಚ್ಚಿಟ್ಟು ಉತ್ತರ ಬರೆದರೆ ಸುಳ್ಳಾಗುತ್ತದೆ.

ಒಂದು ವರ್ಷ ಕೊಳೆರೋಗ ಜೋರಾದಾಗ ನಾವು ಹಾಗೆ ಕರೆದೆವು. ಸಭೆಯಲ್ಲಿ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಚರ್ಚೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಲೆಕ್ಕ ಎಲ್ಲರಿಗೂ ಬಾಯಲ್ಲಿದೆ. ಆದರೂ ಕೊಳೆ ನಿಲ್ಲುತ್ತಿಲ್ಲ, ಮೈಲುತುತ್ತೇ ಕಲಬೆರಕೆ ಇರಬೇಕು ಎಂದು ಅಂಗಡಿಯವರನ್ನು ಬೈಯುವುದು ನಡೆದಿತ್ತು. ಬಾಗಿಲ ಹತ್ತಿರ ಕೂತಿದ್ದ ಕೊನೆಗೌಡರನ್ನು ಅಧ್ಯಕ್ಷರು ಕೇಳಿದರು, ‘ನಿಮಗೆ ಎಂತ ಕಾಣ್ತದೆ?’ ಅವರು ತುಸು ಹೊತ್ತು ಸುಮ್ಮನಿದ್ದರು. ‘ಕತ್ತಿ ಅದ್ದಿ ನೋಡೂದು ಯಾರೂ ಮಾಡೂದಿಲ್ಲ ಈಗ’ ಎಂದರು. ಹೌದಲ್ಲ! ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುವುದು ಹಳೆಯ ಕ್ರಮ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹಳೆಯ ಸುಣ್ಣ ಸತ್ವ ಕಳೆದುಕೊಂಡಿದ್ದರೆ ಕಿಲೋ ಲೆಕ್ಕ ಸರಿಯಿದ್ದೂ ಹದ ತಪ್ಪುತ್ತದೆ. ‘ಮೂರು ತೋಟದಲ್ಲಿ ನನ್ನ ಕತ್ತಿ ಕೆಂಪಾಯ್ತು. ಒಡೇರಿಗೆ ಹೇಳೂದು ಹೇಗೆ ಅಂತ ಸುಮ್ನಾದೆ’ ಎಂದರು.

ಮೂರರಲ್ಲಿ ಒಂದು ಅಧ್ಯಕ್ಷರ ತೋಟವೇ ಆಗಿತ್ತು. ಅವರು ನಕ್ಕರು, ನಕ್ಕದ್ದು ಒಳ್ಳೆಯದಾಯಿತು.

ಈಗ ಪ್ರತಿ ಮೇ ತಿಂಗಳ ಸಭೆಗೆ ಕೊನೆಗೌಡರ ಮನೆಗೂ ಫೋನು ಹೋಗುತ್ತದೆ. ಬರುತ್ತಾರೆ. ಕುರ್ಚಿಯನ್ನು ಮಾತ್ರ ಇನ್ನೂ ಬಾಗಿಲ ಹತ್ತಿರಕ್ಕೇ ಎಳೆದುಕೊಳ್ಳುತ್ತಾರೆ.